ಹಳೆಯ ಆವೃತ್ತಿಗೆ ಮರಳುವುದೋ, ಹೊಸದರಲ್ಲೇ ಏಗುವುದೋ: ವಿಡಿಯೊ ಸಂಕಲನಕಾರರಿಗೆ ಒಂದು ಹೋಲಿಕೆ

ಸಂಕಲನದ ತಂತ್ರಾಂಶವನ್ನು ಹಳೆಯ ಆವೃತ್ತಿಗೆ ಮರಳಿಸುವುದು ಹೆಚ್ಚೆಂದರೆ ಅರ್ಧ ಗಂಟೆಯ ಕೆಲಸ. ಹೊಸ ಆವೃತ್ತಿಯಲ್ಲಿ ಒಮ್ಮೆ ತೆರೆದು ಉಳಿಸಿದ ಪ್ರಾಜೆಕ್ಟನ್ನು ಹಳೆಯದಕ್ಕೆ ಮರಳಿಸುವುದು ಕೆಲವೊಮ್ಮೆ ಒಂದು ವಾರದ ಕೆಲಸ, ಕೆಲವೊಮ್ಮೆ ಆಗದ ಕೆಲಸ. ಮುಂದೆ ಹೋಲಿಸುವ ದಾರಿಗಳಲ್ಲಿ ಯಾವುದು ನಿಮಗೆ ಒಗ್ಗುತ್ತದೆ ಎಂಬುದನ್ನು ಬಹುಪಾಲು ಈ ಒಂದೇ ಸಂಗತಿ ತೀರ್ಮಾನಿಸುತ್ತದೆ. ತಂತ್ರಾಂಶ ಎಷ್ಟು ಕೆಟ್ಟಿದೆ ಎಂಬ ಪ್ರಶ್ನೆಗಿಂತ ಪ್ರಾಜೆಕ್ಟ್ ಈಗ ಯಾವ ಆವೃತ್ತಿಯ ಕೈಯಲ್ಲಿದೆ ಎಂಬ ಪ್ರಶ್ನೆ ದೊಡ್ಡದು.

ಇದನ್ನು ನಾನು ಕಲಿತದ್ದು ಕೈ ಸುಟ್ಟುಕೊಂಡು. ಒಂದು ಸಾಕ್ಷ್ಯಚಿತ್ರದ ಮುಕ್ಕಾಲು ಭಾಗ ಮುಗಿದಿತ್ತು. ಸಂಜೆ ಹೊಸ ಆವೃತ್ತಿ ಬಂದಿದೆಯೆಂಬ ಸೂಚನೆ ಕಂಡಿತು, ಒತ್ತಿದೆ. ರಾತ್ರಿಯಾಗುವ ಹೊತ್ತಿಗೆ ಟೈಮ್‌ಲೈನ್ ತಡವರಿಸುತ್ತಿತ್ತು, ಕೆಲವು ಕ್ಲಿಪ್‌ಗಳ ಮೇಲೆ ಹಸಿರು ಪಟ್ಟೆಗಳು ಮಿಂಚಿ ಮಾಯವಾಗುತ್ತಿದ್ದವು, ಎಕ್ಸ್‌ಪೋರ್ಟ್ ಅರ್ಧಕ್ಕೇ ನಿಲ್ಲುತ್ತಿತ್ತು. ಸಿಟ್ಟಿನಲ್ಲಿ ಹೊಸದನ್ನು ಕಿತ್ತು ಹಳೆಯದನ್ನು ಹಾಕಿದೆ. ಹಳೆಯದು ಲಕ್ಷಣವಾಗಿ ತೆರೆದುಕೊಂಡಿತು. ಪ್ರಾಜೆಕ್ಟನ್ನು ಮಾತ್ರ ಮುಟ್ಟಲೂ ಒಪ್ಪಲಿಲ್ಲ. ಎರಡು ದಿನ ಪರದಾಡಿದ ಮೇಲೆ ತಿಳಿಯಿತು, ತಪ್ಪು ಸಂಕಲನ ತಂತ್ರಾಂಶದ್ದೇ ಆಗಿರಲಿಲ್ಲ. ಅದೇ ವಾರ ಸದ್ದಿಲ್ಲದೆ ಬದಲಾಗಿದ್ದ ಗ್ರಾಫಿಕ್ಸ್ ಡ್ರೈವರ್‌ನದು, ಅಂದರೆ ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ಪುಟ್ಟ ತಂತ್ರಾಂಶದ್ದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗಿತ್ತು.

ಮೊದಲು ಜ್ವರ ಯಾರಿಗೆ ಎಂದು ನೋಡಿ

ಹಿಂದಕ್ಕೆ ಹೋಗುವ ಮುನ್ನ ಒಂದು ಗಂಟೆ ಪರೀಕ್ಷೆಗೆ ಕೊಡಿ. ಹೊಸ ಖಾಲಿ ಪ್ರಾಜೆಕ್ಟ್ ತೆರೆದು ಎರಡು ಕ್ಲಿಪ್‌ಗಳನ್ನು ಹಾಕಿ, ಯಾವ ಎಫೆಕ್ಟೂ ಇಲ್ಲದೆ ಓಡಿಸಿ. ಅಲ್ಲಿ ಎಲ್ಲವೂ ಸರಿಯಿದ್ದರೆ ತೊಂದರೆ ನಿಮ್ಮ ಪ್ರಾಜೆಕ್ಟಿನಲ್ಲೋ ಅದರಲ್ಲಿ ಬಳಸಿದ ಪ್ಲಗಿನ್‌ನಲ್ಲೋ (ಬೇರೆಯವರು ಮಾಡಿದ ಸೇರ್ಪಡೆ ತಂತ್ರಾಂಶ) ಇದೆ. ಅಲ್ಲೂ ತಡವರಿಸಿದರೆ ಗ್ರಾಫಿಕ್ಸ್ ಕಾರ್ಡಿನ ನೆರವನ್ನು ನಿಲ್ಲಿಸಿ ನೋಡಿ. ಅಡೋಬಿಯ ಪ್ರೀಮಿಯರ್ ಪ್ರೊನಲ್ಲಿ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ಗೆ ಹೋಗಿ ರೆಂಡರರ್ ಅನ್ನು ‘ಸಾಫ್ಟ್‌ವೇರ್ ಓನ್ಲಿ’ಗೆ ಬದಲಾಯಿಸಿದರೆ ಸಾಕು. ಕೆಲಸ ನಿಧಾನವಾಗುತ್ತದೆ, ಆದರೆ ಪಟ್ಟೆಗಳು ಮಾಯವಾದವೆಂದರೆ ಅಪರಾಧಿ ಡ್ರೈವರ್ ಎಂದು ಹೆಚ್ಚುಕಡಿಮೆ ಖಚಿತ. ಆಗ ಮರಳಿಸಬೇಕಾದದ್ದು ಡ್ರೈವರನ್ನು. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಎಂಬ ಗುಂಡಿಯೇ ಇದೆ. ಎನ್ವಿಡಿಯಾ ಕಾರ್ಡ್ ಇರುವವರು ಆಟಗಾರರಿಗೆಂದು ಬರುವ ಗೇಮ್ ರೆಡಿ ಡ್ರೈವರ್ ಬಿಟ್ಟು, 2019ರಿಂದ ಪ್ರತ್ಯೇಕವಾಗಿ ಬರುತ್ತಿರುವ ಸ್ಟುಡಿಯೊ ಡ್ರೈವರ್ ಹಾಕಿಕೊಳ್ಳುವುದು ಲೇಸು. ಸಂಕಲನ ತಂತ್ರಾಂಶಗಳ ಜೊತೆ ಪರೀಕ್ಷಿಸಿ ಬಿಡುವುದು ಅದನ್ನೇ.

ಇನ್ನೊಂದು ಸಾಮಾನ್ಯ ಕಾರಣ ಹಳೆಯ ಆವೃತ್ತಿಯಿಂದ ಹೊತ್ತು ತಂದ ಸೆಟ್ಟಿಂಗ್‌ಗಳು. ಪ್ರೀಮಿಯರ್ ಪ್ರೊ ತೆರೆಯುವಾಗ ವಿಂಡೋಸ್‌ನಲ್ಲಿ ಆಲ್ಟ್, ಮ್ಯಾಕ್‌ನಲ್ಲಿ ಆಪ್ಷನ್ ಕೀಲಿಯನ್ನು ಒತ್ತಿ ಹಿಡಿದರೆ ಪ್ರಾಶಸ್ತ್ಯಗಳನ್ನು ಮೊದಲಿನ ಸ್ಥಿತಿಗೆ ತರುವ ಆಯ್ಕೆ ಸಿಗುತ್ತದೆ. ಮೀಡಿಯಾ ಕ್ಯಾಶೆಯನ್ನೂ (ತಂತ್ರಾಂಶ ತನ್ನ ಅನುಕೂಲಕ್ಕೆ ಮಾಡಿಕೊಂಡ ತಾತ್ಕಾಲಿಕ ಫೈಲುಗಳು) ಅಳಿಸಿ. ಅದು ಮತ್ತೆ ತಾನೇ ತಯಾರಾಗುತ್ತದೆ, ಮೂಲ ಫೂಟೇಜಿಗೆ ಏನೂ ಆಗುವುದಿಲ್ಲ. ‘ಹೊಸ ಆವೃತ್ತಿ ಸರಿಯಿಲ್ಲ’ ಎಂದು ಗೆಳೆಯರು ನನ್ನ ಬಳಿ ತಂದ ದೂರುಗಳಲ್ಲಿ ಹಲವು ಈ ಎರಡೇ ಕೆಲಸಗಳಲ್ಲಿ ಬಗೆಹರಿದಿವೆ. ಮೊಬೈಲಿನಲ್ಲಿ ಚಿತ್ರೀಕರಿಸಿದ ವಿಡಿಯೊದಲ್ಲಿ ಧ್ವನಿ ಹಿಂದೆ ಬೀಳುತ್ತಿದ್ದರೆ ಕಾರಣ ಬಹುತೇಕ ಬದಲಾಗುವ ಫ್ರೇಮ್ ದರ. ಅದನ್ನು ಹ್ಯಾಂಡ್‌ಬ್ರೇಕ್‌ನಂಥ ಉಚಿತ ಸಾಧನದಲ್ಲಿ ಸ್ಥಿರ ದರಕ್ಕೆ ಬದಲಾಯಿಸಿಕೊಳ್ಳದಿದ್ದರೆ ಯಾವ ಆವೃತ್ತಿಗೆ ಹೋದರೂ ಅದೇ ಹಾಡು.

ಹಿಂದಕ್ಕೆ ಹೋಗುವುದು ಯಾವುದರಲ್ಲಿ ಎಷ್ಟು ಸುಲಭ

ತಂತ್ರಾಂಶಗಳು ಈ ವಿಷಯದಲ್ಲಿ ಒಂದಕ್ಕೊಂದು ಹೋಲುವುದಿಲ್ಲ. ಒಂದರಲ್ಲಿ ಪಳಗಿದವರು ಇನ್ನೊಂದಕ್ಕೆ ಹೋದಾಗ ಹಳೆಯ ಧೈರ್ಯದಲ್ಲೇ ಎಡವುತ್ತಾರೆ.

ಪ್ರೀಮಿಯರ್ ಪ್ರೊ ಈ ಮಟ್ಟಿಗೆ ಸಭ್ಯ. ದೊಡ್ಡ ಆವೃತ್ತಿಗಳು ಒಂದೇ ಗಣಕದಲ್ಲಿ ಅಕ್ಕಪಕ್ಕ ಇರಬಲ್ಲವು. ಹಳೆಯ ಪ್ರಾಜೆಕ್ಟನ್ನು ಹೊಸ ದೊಡ್ಡ ಆವೃತ್ತಿಯಲ್ಲಿ ತೆರೆದರೆ ಪರಿವರ್ತಿಸಲೇ ಎಂದು ಕೇಳಿ, ಬೇರೆ ಹೆಸರಿನ ನಕಲನ್ನು ಮಾಡಿಕೊಳ್ಳುತ್ತದೆ. ಮೂಲ ಫೈಲ್ ಹಾಗೇ ಉಳಿಯುತ್ತದೆ. ಆದ್ದರಿಂದ ಅಪ್‌ಡೇಟ್ ಆದ ದಿನವೇ ತೊಂದರೆ ಕಂಡರೆ ನಷ್ಟ ಒಂದು ದಿನದ್ದು ಮಾತ್ರ. ಹತ್ತು ದಿನ ಸಹಿಸಿಕೊಂಡು ಹನ್ನೊಂದನೆಯ ದಿನ ಹಿಂದಿರುಗಿದರೆ ಹತ್ತು ದಿನದ ಸಂಕಲನ ಹೊಸ ಫೈಲಿನಲ್ಲಿ ಸಿಕ್ಕಿಕೊಂಡಿರುತ್ತದೆ, ಹೊಸದು ಉಳಿಸಿದ್ದನ್ನು ಹಳೆಯದು ಓದುವುದಿಲ್ಲ. ಹಳೆಯ ಆವೃತ್ತಿ ಅಡೋಬಿಯ ತಂತ್ರಾಂಶಗಳನ್ನು ಹಾಕಿಕೊಡುವ ಕ್ರಿಯೇಟಿವ್ ಕ್ಲೌಡ್‌ನಲ್ಲೇ ‘ಅದರ್ ವರ್ಷನ್ಸ್’ ಎಂಬಲ್ಲಿ ಸಿಗುತ್ತದೆ. ಆದರೆ ಬಹಳ ಹಳೆಯದು ಸಿಗುವುದಿಲ್ಲ. 2019ರ ಮೇ ತಿಂಗಳಲ್ಲಿ ಅಡೋಬಿ ಈ ಪಟ್ಟಿಯನ್ನು ಇತ್ತೀಚಿನ ಎರಡು ದೊಡ್ಡ ಆವೃತ್ತಿಗಳಿಗೆ ಇಳಿಸಿತು. ಅದಕ್ಕಿಂತ ಹಳೆಯದನ್ನು ಬಳಸುವವರಿಗೆ ಪರವಾನಗಿ ಇಲ್ಲವೆಂದೂ, ಮೂರನೆಯವರಿಂದ ಹಕ್ಕು ಉಲ್ಲಂಘನೆಯ ದಾವೆ ಬರಬಹುದೆಂದೂ ಪತ್ರ ಬರೆದು ಎಚ್ಚರಿಸಿತು. ಅಂದಹಾಗೆ, ಆವೃತ್ತಿ ಸಂಖ್ಯೆ ನೋಡಿ ಗಾಬರಿಯಾಗಬೇಡಿ. 15ರ ಬಳಿಕ ಬಂದದ್ದು 22. ವರ್ಷಕ್ಕೆ ಹೊಂದಿಸಲು 2021ರ ಅಕ್ಟೋಬರ್‌ನಲ್ಲಿ ಹಾರಿಸಿದ ಸಂಖ್ಯೆ ಅದು. ನಡುವಿನ ಆರು ಆವೃತ್ತಿಗಳನ್ನು ನೀವು ಕಳೆದುಕೊಂಡಿಲ್ಲ.

ಡಾವಿಂಚಿ ರಿಸಾಲ್ವ್‌ನ ಕಥೆ ತಿರುವುಮುರುವು. ಹಳೆಯ ಆವೃತ್ತಿ ಸಿಗುವುದು ಇಲ್ಲಿ ತೀರ ಸುಲಭ. ಅದನ್ನು ತಯಾರಿಸುವ ಬ್ಲ್ಯಾಕ್‌ಮ್ಯಾಜಿಕ್‌ನ ಸಹಾಯ ಪುಟದಲ್ಲಿ ವರ್ಷಗಳ ಹಿಂದಿನ ಆವೃತ್ತಿಗಳೂ ಸಾಲಾಗಿ ಕೂತಿವೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಕಷ್ಟ ಇರುವುದು ಪ್ರಾಜೆಕ್ಟ್ ವಾಸಿಸುವ ಜಾಗದಲ್ಲಿ. ರಿಸಾಲ್ವ್‌ನಲ್ಲಿ ಪ್ರಾಜೆಕ್ಟುಗಳು ಬಿಡಿ ಫೈಲುಗಳಾಗಿರದೆ ಒಂದು ದತ್ತಾಂಶ ಸಂಗ್ರಹದೊಳಗೆ ಇರುತ್ತವೆ; 18ನೆಯ ಆವೃತ್ತಿಯಿಂದ ಅದನ್ನು ಪ್ರಾಜೆಕ್ಟ್ ಲೈಬ್ರರಿ ಎನ್ನುತ್ತಾರೆ. ಹೊಸ ಆವೃತ್ತಿ ಈ ಸಂಗ್ರಹವನ್ನು ಮೇಲ್ದರ್ಜೆಗೆ ಏರಿಸಲೇ ಎಂದು ಕೇಳಿದಾಗ ಹೌದು ಎಂದಿರೋ, ಒಂದಲ್ಲ, ಅದರೊಳಗಿನ ಎಲ್ಲ ಪ್ರಾಜೆಕ್ಟುಗಳೂ ಹಳೆಯ ಆವೃತ್ತಿಯ ಕೈ ತಪ್ಪುತ್ತವೆ. ಇತ್ತೀಚಿನ ಕೆಲವು ಬಿಡುಗಡೆಗಳಲ್ಲಿ ಲೈಬ್ರರಿಯನ್ನು ಹಿಂದಿನ ಆವೃತ್ತಿಯೂ ತೆರೆಯಬಲ್ಲದು. ಆಗಲೂ ಹೊಸದರಲ್ಲಿ ತೆರೆದ ಪ್ರಾಜೆಕ್ಟುಗಳಿಗೆ ಮಾತ್ರ ಬೀಗ ಬಿದ್ದಿರುತ್ತದೆ. ಆದ್ದರಿಂದ ಅಪ್‌ಡೇಟಿಗೆ ಮುಂಚೆ ಇಡೀ ಲೈಬ್ರರಿಯ ಬ್ಯಾಕಪ್ ತೆಗೆದಿಟ್ಟವರಿಗೆ ರಿಸಾಲ್ವ್‌ನಷ್ಟು ಸುಖವಾಗಿ ಹಿಂದಿರುಗಬಲ್ಲ ತಂತ್ರಾಂಶ ಬೇರೆಯಿಲ್ಲ. ತೆಗೆದಿಡದವರು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವವರ ಸಾಲಿಗೆ ಸೇರುತ್ತಾರೆ.

ಫೈನಲ್ ಕಟ್ ಪ್ರೊನಲ್ಲಿ ಎರಡೂ ಕಡೆ ಎಚ್ಚರ ಬೇಕು. ಆಪ್ ಸ್ಟೋರ್ ನಿಮಗೆ ಹಿಂದಿನ ಆವೃತ್ತಿಯನ್ನು ಆರಿಸಿಕೊಳ್ಳಲು ಕೊಡುವುದಿಲ್ಲ. ಲೈಬ್ರರಿ ಒಮ್ಮೆ ಹೊಸದಕ್ಕೆ ಬದಲಾದರೆ ಹಿಂದಕ್ಕೆ ಬಾರದು. ಆಪಲ್ ತಾನೇ ಹೇಳುವ ಉಪಾಯ ಸರಳ: ಅಪ್‌ಡೇಟ್ ಮಾಡುವ ಮುಂಚೆ ಅಪ್ಲಿಕೇಷನ್ಸ್ ಫೋಲ್ಡರಿನಲ್ಲಿರುವ ಫೈನಲ್ ಕಟ್ ಅನ್ನು ಜಿಪ್ ಮಾಡಿ ಇಟ್ಟುಕೊಳ್ಳಿ, ಲೈಬ್ರರಿಗಳ ನಕಲು ತೆಗೆಯಿರಿ. ನಕಲು ತೆಗೆಯಲು ಮರೆತಿದ್ದರೆ ಮೂವೀಸ್ ಫೋಲ್ಡರಿನೊಳಗಿನ ‘ಫೈನಲ್ ಕಟ್ ಬ್ಯಾಕಪ್ಸ್’ ಹುಡುಕಿ. ಲೈಬ್ರರಿಯ ತಾನಾಗಿ ತೆಗೆದ ಪ್ರತಿಗಳು ಅಲ್ಲಿರುತ್ತವೆ. ಅವುಗಳಲ್ಲಿ ವಿಡಿಯೊ ಇರುವುದಿಲ್ಲ, ಸಂಕಲನದ ವಿವರ ಮಾತ್ರ. ಅಪ್‌ಡೇಟಿಗೆ ಹಿಂದಿನ ದಿನಾಂಕದ್ದೇ ನಿಮಗೆ ಬೇಕಾದದ್ದು.

ವೇಗಸ್ ಪ್ರೊ ಬಳಸುವವರಿಗೆ ಪ್ರತಿ ದೊಡ್ಡ ಆವೃತ್ತಿಯೂ ಬೇರೆ ತಂತ್ರಾಂಶವಾಗಿಯೇ ಕೂರುತ್ತದೆ, ಹಳೆಯದು ತನ್ನ ಪಾಡಿಗೆ ಇರುತ್ತದೆ. ಕೆಡೆನ್‌ಲೈವ್ ಬಳಸುವವರ ಅದೃಷ್ಟ ಇನ್ನೂ ದೊಡ್ಡದು. ಲಿನಕ್ಸ್‌ನಲ್ಲಿ ಆಪ್‌ಇಮೇಜ್, ವಿಂಡೋಸ್‌ನಲ್ಲಿ ಇನ್‌ಸ್ಟಾಲ್ ಬೇಡದ ಪ್ರತಿ ಸಿಗುವುದರಿಂದ ಹತ್ತು ಆವೃತ್ತಿಗಳನ್ನು ಹತ್ತು ಫೋಲ್ಡರುಗಳಲ್ಲಿ ಇಟ್ಟುಕೊಂಡು ಬೇಕಾದದ್ದನ್ನು ತೆರೆಯಬಹುದು. ಆದರೆ ಅಲ್ಲಿಯೂ ಪ್ರಾಜೆಕ್ಟ್ ಫೈಲಿನ ವಿಷಯದಲ್ಲಿ ಗಡಿಕಲ್ಲುಗಳಿವೆ. 2020ರ 20.08 ಆವೃತ್ತಿಯಲ್ಲಿ ದಶಮಾಂಶಕ್ಕೆ ಬಿಂದುವೋ ಅಲ್ಪವಿರಾಮವೋ ಎಂಬ ಹಳೆಯ ಗೊಂದಲವನ್ನು ಸರಿಪಡಿಸಲು ಫೈಲಿನ ಸ್ವರೂಪವನ್ನೇ ಬದಲಾಯಿಸಿದರು. ಟೈಮ್‌ಲೈನ್‌ನೊಳಗೆ ಟೈಮ್‌ಲೈನ್ ಇಡುವ ಸೌಲಭ್ಯ ಬಂದ 23.04ರಲ್ಲಿ ಮತ್ತೊಮ್ಮೆ. ಈ ಗಡಿ ದಾಟಿ ಹಿಂದಕ್ಕೆ ಬರಲಾಗದು.

ಮೊಬೈಲ್ ಆಪ್‌ಗಳ ಬಗ್ಗೆ ಹೇಳುವುದು ಒಂದೇ ಮಾತು: ಹಿಂದಿರುಗುವ ಯೋಚನೆ ಬಿಡಿ. ಆಪ್ ತೆಗೆದುಹಾಕಿದರೆ ಫೋನಿನಲ್ಲೇ ಇದ್ದ ಡ್ರಾಫ್ಟ್‌ಗಳೂ ಅದರೊಂದಿಗೆ ಹೋಗುತ್ತವೆ, ಅಪರಿಚಿತ ತಾಣಗಳಿಂದ ಹಳೆಯ ಎಪಿಕೆ (ಆಂಡ್ರಾಯ್ಡ್ ಆಪ್‌ನ ಫೈಲ್) ಇಳಿಸುವುದು ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ.

ಪ್ರಾಜೆಕ್ಟನ್ನು ಹಿಂದಕ್ಕೆ ಒಯ್ಯುವ ದಾರಿಗಳು

ತಂತ್ರಾಂಶ ಹಿಂದಕ್ಕೆ ಬಂತು, ಪ್ರಾಜೆಕ್ಟ್ ಬರಲೊಲ್ಲದು ಎನ್ನುವ ಸ್ಥಿತಿಯಲ್ಲಿ ಮೂರು ದಾರಿಗಳಿವೆ. ಮೂರರಲ್ಲೂ ಏನಾದರೂ ಕಳೆದುಹೋಗುತ್ತದೆ. ಏನು ಎಂಬುದರಲ್ಲಷ್ಟೇ ಆಯ್ಕೆ.

ಮೊದಲನೆಯದು ಎಕ್ಸ್‌ಎಂಎಲ್, ಅಂದರೆ ಟೈಮ್‌ಲೈನಿನ ವಿವರವನ್ನು ಬರೆದಿಡುವ ಪಠ್ಯ ಫೈಲ್. ಹೊಸ ಆವೃತ್ತಿ ಇನ್ನೂ ತೆರೆದುಕೊಳ್ಳುತ್ತಿರುವಾಗಲೇ ಟೈಮ್‌ಲೈನನ್ನು ಎಕ್ಸ್‌ಎಂಎಲ್ ಆಗಿ ರಫ್ತು ಮಾಡಿ, ಹಳೆಯದರಲ್ಲಿ ಆಮದು ಮಾಡಿಕೊಳ್ಳುವುದು. ಪ್ರೀಮಿಯರ್ ಇದಕ್ಕೆ ಬಳಸುವುದು ಹಳೆಯ ಫೈನಲ್ ಕಟ್‌ನ ಎಕ್ಸ್‌ಎಂಎಲ್ ಸ್ವರೂಪವನ್ನು. ಫೈನಲ್ ಕಟ್ ಪ್ರೊ ರಫ್ತು ಮಾಡುವಾಗ ಎಕ್ಸ್‌ಎಂಎಲ್‌ನ ಯಾವ ಆವೃತ್ತಿ ಬೇಕೆಂದು ಕೇಳುತ್ತದೆ, ಹಿಂದಿನದನ್ನು ಆರಿಸಿ. ಕತ್ತರಿಸಿದ ಜಾಗಗಳು, ಕ್ಲಿಪ್‌ಗಳ ಕ್ರಮ, ಸರಳ ಡಿಸಾಲ್ವ್‌ಗಳು ಬರುತ್ತವೆ. ಬಣ್ಣದ ಕೆಲಸ, ಶೀರ್ಷಿಕೆಗಳು, ಪ್ಲಗಿನ್ ಎಫೆಕ್ಟುಗಳು, ವೇಗವನ್ನು ಏರಿಳಿಸಿದ ಜಾಗಗಳು ಬಹುತೇಕ ಬರುವುದಿಲ್ಲ, ಬಂದರೂ ಅಂಗಹೀನವಾಗಿ ಬರುತ್ತವೆ. ಸಂಕಲನ ಇನ್ನೂ ಒರಟು ಹಂತದಲ್ಲಿದ್ದರೆ ಇದು ಅತ್ಯುತ್ತಮ ದಾರಿ, ಬಣ್ಣ ಮುಗಿದಿದ್ದರೆ ಅತಿ ಕೆಟ್ಟದ್ದು.

ಎರಡನೆಯದು ಪ್ರೀಮಿಯರ್ ಬಳಕೆದಾರರಲ್ಲಿ ಬಾಯಿಂದ ಬಾಯಿಗೆ ಹರಡಿರುವ ಉಪಾಯ. ಪ್ರೀಮಿಯರ್‌ನ ಪ್ರಾಜೆಕ್ಟ್ ಫೈಲ್ ನಿಜದಲ್ಲಿ ಜಿಜಿಪ್ ಮಾಡಿ ಕುಗ್ಗಿಸಿದ ಎಕ್ಸ್‌ಎಂಎಲ್ ಪಠ್ಯ, ಅಷ್ಟೇ. ಅದರ ಒಂದು ನಕಲನ್ನು ಸೆವೆನ್‌ಜಿಪ್‌ನಂಥ ಸಾಧನದಲ್ಲಿ ಬಿಚ್ಚಿ, ಪಠ್ಯ ಸಂಪಾದಕದಲ್ಲಿ ತೆರೆದರೆ ಮೊದಲ ಕೆಲವು ಸಾಲುಗಳಲ್ಲೇ ಪ್ರಾಜೆಕ್ಟಿನ ಆವೃತ್ತಿ ಸಂಖ್ಯೆ ಕಾಣುತ್ತದೆ. ಅದನ್ನು 1 ಎಂದು ತಿದ್ದಿ ಉಳಿಸಿದರೆ ಹಳೆಯ ಪ್ರೀಮಿಯರ್ ‘ಇದು ನನಗಿಂತ ಹಳೆಯದು’ ಎಂದು ನಂಬಿ ತೆರೆಯಲು ಒಪ್ಪುತ್ತದೆ. ಇದು ಅಧಿಕೃತ ಮಾರ್ಗವಲ್ಲ. ಹಳೆಯದಕ್ಕೆ ಗೊತ್ತಿಲ್ಲದ ಹೊಸ ಸೌಲಭ್ಯಗಳನ್ನು ಬಳಸಿದ್ದರೆ ಅವು ಉದುರಿಹೋಗುತ್ತವೆ, ಕೆಲವೊಮ್ಮೆ ಫೈಲೇ ತೆರೆಯುವುದಿಲ್ಲ. ಆದರೂ ಒಂದೇ ಆವೃತ್ತಿ ಹಿಂದೆ ಹೋಗುವಾಗ ಇದು ಎಕ್ಸ್‌ಎಂಎಲ್‌ಗಿಂತ ಹೆಚ್ಚನ್ನು ಉಳಿಸಿಕೊಡುವುದನ್ನು ಕಂಡಿದ್ದೇನೆ. ಒಳಗಿನ ಸಂಖ್ಯೆಯನ್ನು ತಿದ್ದಿ ಯಂತ್ರವನ್ನು ನಂಬಿಸುವುದರಲ್ಲಿ ಒಂದು ಸಣ್ಣ ಕಳ್ಳಸುಖವೂ ಇದೆ ಎಂದು ಒಪ್ಪಿಕೊಳ್ಳಬೇಕು. ಆಫ್ಟರ್ ಎಫೆಕ್ಟ್ಸ್ ಬಳಸುವವರಿಗೆ ಈ ಸರ್ಕಸ್ ಬೇಕಿಲ್ಲ. ಹಿಂದಿನ ಆವೃತ್ತಿಗೆ ನಕಲು ಉಳಿಸುವ ಆಯ್ಕೆ ಅದರ ಮೆನುವಿನಲ್ಲೇ ಇದೆ. ಅದೇ ಮನೆಯ ಪ್ರೀಮಿಯರ್‌ನ ಮೆನುವಿನಲ್ಲಿ ಹಾಗೊಂದು ಸಾಲು ಏಕಿಲ್ಲವೋ.

ಮೂರನೆಯ ದಾರಿಯನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ, ನನಗೆ ಅದೇ ಹೆಚ್ಚು ಇಷ್ಟ. ಪೂರ್ತಿ ಮುಗಿದ ಭಾಗಗಳನ್ನು ಪ್ರಾಜೆಕ್ಟಾಗಿ ಒಯ್ಯುವ ಹಟ ಬಿಟ್ಟು, ಹೊಸ ಆವೃತ್ತಿಯಲ್ಲೇ ಹೇಗೋ ಪ್ರೊರೆಸ್ ಅಥವಾ ಡಿಎನ್‌ಎಕ್ಸ್‌ಎಚ್‌ಆರ್‌ನಂಥ ಗುಣಮಟ್ಟ ಕಣ್ಣಿಗೆ ಕಾಣುವಷ್ಟು ಕೆಡದ ಕೋಡೆಕ್‌ನಲ್ಲಿ (ವಿಡಿಯೊ ಕುಗ್ಗಿಸುವ ವಿಧಾನ) ರೆಂಡರ್ ಮಾಡಿಕೊಳ್ಳಿ. ಇಡೀ ಟೈಮ್‌ಲೈನ್ ಒಮ್ಮೆಗೇ ಆಗದಿದ್ದರೆ ಐದೈದು ನಿಮಿಷದ ತುಂಡುಗಳಾಗಿ. ಸಂಗೀತ, ಮಾತು, ಹಿನ್ನೆಲೆ ಧ್ವನಿ ಇವುಗಳನ್ನು ಬೇರೆ ಬೇರೆಯಾಗಿ ತೆಗೆಯಿರಿ. ಆಮೇಲೆ ಹಳೆಯ ಆವೃತ್ತಿಯಲ್ಲಿ ಹೊಸ ಪ್ರಾಜೆಕ್ಟ್ ತೆರೆದು ಈ ತುಂಡುಗಳನ್ನು ಜೋಡಿಸಿ, ಉಳಿದ ಭಾಗವನ್ನಷ್ಟೇ ಸಂಕಲಿಸಿ. ಮುಗಿದ ಭಾಗದೊಳಗೆ ಮತ್ತೆ ಕೈಹಾಕುವ ಸ್ವಾತಂತ್ರ್ಯ ಹೋಗುತ್ತದೆ. ಆದರೆ ಬಣ್ಣ, ಶೀರ್ಷಿಕೆ, ಎಫೆಕ್ಟು ಎಲ್ಲವೂ ಚಿತ್ರದೊಳಗೆ ಬೆಂದುಹೋಗಿರುವುದರಿಂದ ಕಳೆಯುವ ಪ್ರಶ್ನೆಯೇ ಇಲ್ಲ. ನನ್ನ ಸಾಕ್ಷ್ಯಚಿತ್ರ ದಡ ಸೇರಿದ್ದು ಹೀಗೆ.

ಹಳೆಯದರಲ್ಲಿ ಉಳಿಯುವುದಕ್ಕೆ ತೆರುವ ಬೆಲೆ

ಹಳೆಯದಕ್ಕೆ ಮರಳಿದ ಮೇಲೆ ಸಿಗುವ ನೆಮ್ಮದಿಗೆ ಅವಧಿಯಿದೆ. ಹೊಸ ಕ್ಯಾಮೆರಾಗಳ ಫೈಲುಗಳನ್ನು ಹಳೆಯ ಆವೃತ್ತಿ ಗುರುತಿಸದೆ ಇರಬಹುದು. ಎಚ್‌ಇವಿಸಿಯ 10 ಬಿಟ್ 4:2:2 ಫೂಟೇಜನ್ನು (ಬಣ್ಣದ ವಿವರ ಹೆಚ್ಚಿರುವ, ಓಡಿಸಲು ಭಾರವಾದ ವಿಡಿಯೊ) ಗುರುತಿಸಿದರೂ ಯಂತ್ರಾಂಶದ ನೆರವಿಲ್ಲದೆ ತೆವಳಬಹುದು. ಪ್ರಾಕ್ಸಿ, ಅಂದರೆ ಹಗುರ ನಕಲು, ಮಾಡಿಕೊಂಡು ಬಚಾವಾಗಬಹುದಾದರೂ ದಿನವೂ ಅದನ್ನೇ ಮಾಡುವುದು ಬೇಸರದ ಕೆಲಸ. ಪ್ಲಗಿನ್ ಕಂಪನಿಗಳು ಹಳೆಯದಕ್ಕೆ ಬೆಂಬಲ ನಿಲ್ಲಿಸುತ್ತವೆ. ಕೊನೆಗೆ ಕಾರ್ಯಾಚರಣೆ ವ್ಯವಸ್ಥೆಯೇ ಬಾಗಿಲು ಹಾಕುತ್ತದೆ.

ಇದಕ್ಕೆ ಫೈನಲ್ ಕಟ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. 2011ರ ಜೂನ್‌ನಲ್ಲಿ ಆಪಲ್ ಫೈನಲ್ ಕಟ್ ಪ್ರೊ ಎಕ್ಸ್ ಬಿಡುಗಡೆ ಮಾಡಿದಾಗ ಅದು ಹಿಂದಿನ ಏಳನೆಯ ಆವೃತ್ತಿಯ ಪ್ರಾಜೆಕ್ಟುಗಳನ್ನು ತೆರೆಯುತ್ತಲೇ ಇರಲಿಲ್ಲ. ವೃತ್ತಿಪರರ ಸಿಟ್ಟು ಎಷ್ಟಿತ್ತೆಂದರೆ, ಮಾರಾಟ ನಿಲ್ಲಿಸಿದ್ದ ಹಳೆಯ ಫೈನಲ್ ಕಟ್ ಸ್ಟುಡಿಯೊವನ್ನು ಆಪಲ್ ಕೆಲವೇ ತಿಂಗಳಲ್ಲಿ ದೂರವಾಣಿ ಮೂಲಕ ಮತ್ತೆ ಮಾರಬೇಕಾಯಿತು. ಎಷ್ಟೋ ಸಂಕಲನಕಾರರು 2009ರ ಆ ಏಳನೆಯ ಆವೃತ್ತಿಯಲ್ಲೇ ವರ್ಷಗಟ್ಟಲೆ ಕೆಲಸ ಮಾಡಿದರು, ಅವರ ನಿರ್ಧಾರ ತಪ್ಪೇನೂ ಆಗಿರಲಿಲ್ಲ. ಆದರೆ 2017ರಲ್ಲಿ ಬಂದ ಮ್ಯಾಕ್ ಒಎಸ್ ಹೈ ಸಿಯೆರಾದಲ್ಲಿ ಅದು ಓಡಲಿಲ್ಲ. ಆ ಹೊತ್ತಿಗೆ ಬೇರೆ ದಾರಿ ಹುಡುಕಿಕೊಂಡವರು ಪಾರಾದರು. ಉಳಿದವರು ಹಳೆಯ ತಂತ್ರಾಂಶಕ್ಕಾಗಿ ಹಳೆಯ ಗಣಕವನ್ನೂ ಸಾಕಬೇಕಾಯಿತು. ಮೂಗಿಗಿಂತ ಮೂಗುತಿ ಭಾರ.

ಯಾರಿಗೆ ಯಾವುದು

ಕೆಲಸ ಒಪ್ಪಿಸಲು ಎರಡು ಮೂರು ದಿನ ಮಾತ್ರ ಇದ್ದು, ಪ್ರಾಜೆಕ್ಟ್ ಆಗಲೇ ಹೊಸ ಆವೃತ್ತಿಯಲ್ಲಿ ಉಳಿದುಹೋಗಿದ್ದರೆ ಹಿಂದಿರುಗಬೇಡಿ. ಗ್ರಾಫಿಕ್ಸ್ ನೆರವು ನಿಲ್ಲಿಸಿ, ಪ್ಲಗಿನ್‌ಗಳನ್ನು ಮುಚ್ಚಿ, ತುಂಡು ತುಂಡಾಗಿ ರೆಂಡರ್ ಮಾಡಿ ಹೇಗಾದರೂ ದಾಟಿಸಿ. ಕೊನೆಯ ಗಳಿಗೆಯಲ್ಲಿ ಮಾಡುವ ವಲಸೆಯಲ್ಲಿ ಕಳೆದುಹೋಗುವ ಒಂದು ಶೀರ್ಷಿಕೆ ನಿಮ್ಮ ಕಣ್ಣಿಗೆ ಬೀಳುವುದಿಲ್ಲ, ನೋಡುಗರ ಕಣ್ಣಿಗೆ ಬೀಳುತ್ತದೆ.

ಅಪ್‌ಡೇಟ್ ಆಗಿ ಒಂದೆರಡು ದಿನವಷ್ಟೇ ಆಗಿದ್ದು, ಹಳೆಯ ಪ್ರಾಜೆಕ್ಟ್ ಫೈಲ್ ಕೈಯಲ್ಲಿದ್ದರೆ ಹಿಂದುಮುಂದು ನೋಡದೆ ಮರಳಿ. ಕಳೆದುಕೊಳ್ಳುವ ಒಂದು ದಿನದ ಸಂಕಲನವನ್ನು ಎರಡನೆಯ ಸಲ ಅರ್ಧ ಹೊತ್ತಿನಲ್ಲಿ ಮಾಡಿ ಮುಗಿಸುತ್ತೀರಿ, ಎಲ್ಲಿ ಕತ್ತರಿ ಹಾಕಬೇಕೆಂದು ಆಗಲೇ ಗೊತ್ತಿರುತ್ತದಲ್ಲ.

ತಿಂಗಳುಗಟ್ಟಲೆ ನಡೆಯುವ ಕೆಲಸವಿದ್ದು ಹೊಸ ಆವೃತ್ತಿ ನಿಜಕ್ಕೂ ಅಸ್ಥಿರವಾಗಿದ್ದರೆ ಮರಳುವುದೇ ಸರಿ, ಎಕ್ಸ್‌ಎಂಎಲ್‌ನಲ್ಲಿ ಒಂದಷ್ಟು ಕಳೆದರೂ. ದೊಡ್ಡ ಬಿಡುಗಡೆಯ ಹಿಂದೆಯೇ ಸಣ್ಣ ತಿದ್ದುಪಡಿಗಳು ಬರುತ್ತವೆ, ನಿಜ. ಆದರೆ ನಿಮ್ಮನ್ನು ಕಾಡುವ ದೋಷವೇ ಮುಂದಿನದರಲ್ಲಿ ಸರಿಹೋಗುತ್ತದೆ ಎಂದು ಯಾರೂ ಬರೆದುಕೊಟ್ಟಿಲ್ಲ. ಕಾಯುವುದಿದ್ದರೆ ದಿನಾಂಕ ಗೊತ್ತುಮಾಡಿಕೊಂಡು ಕಾಯಿರಿ.

ತಂಡದಲ್ಲಿ ಕೆಲಸ ಮಾಡುವವರಿಗೆ ಒಬ್ಬರೇ ಮರಳುವ ಸ್ವಾತಂತ್ರ್ಯವಿಲ್ಲ. ಒಬ್ಬರು ಹಿಂದಿದ್ದು ನಾಲ್ವರು ಮುಂದಿದ್ದರೆ ಆ ಒಬ್ಬರು ಪ್ರತಿ ಫೈಲಿಗೂ ಎಕ್ಸ್‌ಎಂಎಲ್ ಬೇಡುತ್ತ ಕೂರಬೇಕು. ಎಲ್ಲರೂ ಒಟ್ಟಿಗೆ ಮರಳಿ, ಇಲ್ಲವೆ ಎಲ್ಲರೂ ಒಟ್ಟಿಗೆ ಸಹಿಸಿ.

ಸಿಟ್ಟಿನಲ್ಲಿ ತಂತ್ರಾಂಶವನ್ನೇ ಬದಲಾಯಿಸಿಬಿಡುವವರೂ ಇದ್ದಾರೆ. ಒಂದು ಪ್ರಾಜೆಕ್ಟಿನ ನಡುವೆ ಅದನ್ನು ಮಾಡಬೇಡಿ. ಎರಡು ಪ್ರಾಜೆಕ್ಟುಗಳ ನಡುವಿನ ಬಿಡುವಿನಲ್ಲಿ ಬೇಕಾದರೆ ಮಾಡಿ.

ಸದ್ಯಕ್ಕೆ ನಿಮ್ಮ ತಂತ್ರಾಂಶ ಚೆನ್ನಾಗಿಯೇ ನಡೆಯುತ್ತಿದ್ದರೆ ತಾನಾಗಿ ಅಪ್‌ಡೇಟ್ ಆಗುವ ಆಯ್ಕೆಯನ್ನು ಇಂದೇ ನಿಲ್ಲಿಸಿ, ಈಗಿನ ಆವೃತ್ತಿಯ ಇನ್‌ಸ್ಟಾಲರ್ ಸಿಗುವಂತಿದ್ದರೆ ಒಂದು ಡಿಸ್ಕಿಗೆ ಹಾಕಿಟ್ಟುಕೊಳ್ಳಿ. ಕ್ರಿಯೇಟಿವ್ ಕ್ಲೌಡ್‌ನಲ್ಲಿ ದೊಡ್ಡ ಅಪ್‌ಡೇಟ್ ಹಾಕುವಾಗ ಮುಂದುವರಿದ ಆಯ್ಕೆಗಳಲ್ಲಿ ‘ರಿಮೂವ್ ಓಲ್ಡ್ ವರ್ಷನ್ಸ್’ ಎಂಬ ಚೌಕವೊಂದು ಅಡಗಿರುತ್ತದೆ. ಅದರ ಗುರುತನ್ನು ತೆಗೆದರೆ ಹಳೆಯದು ಹೊಸದರ ಪಕ್ಕದಲ್ಲೇ ಉಳಿಯುತ್ತದೆ. ಹೋಗುವುದು ಡಿಸ್ಕಿನಲ್ಲಿ ಕೆಲವು ಗಿಗಾಬೈಟ್ ಜಾಗ ಮಾತ್ರ.